ಹೇಳಿ ಮಾಡಿಸಿದ ರೇಡಿಯೊ

2020ರ ಮೊದಲ ತಿಂಗಳುಗಳಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ ಒಂದು ತೆಪ್ಪ ತೇಲುತ್ತಿತ್ತು. ಅದರ ಮೇಲೆ ಲೋಹದ ತಟ್ಟೆ, ತಟ್ಟೆಯ ಮೇಲೆ ಬುಡಮೇಲಾಗಿ ನಿಲ್ಲಿಸಿದ ಶಂಕು. ಇದೇ ಸಲಕರಣೆ ಶರಾವತಿ ಹಿನ್ನೀರಿಗೂ ಹೋಯಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದ ಈ ರೇಡಿಯೊ ದೂರದರ್ಶಕದ ಹೆಸರು ಸರಸ್-3. ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದಲ್ಲಿ ಹೈಡ್ರೋಜನ್ ಅನಿಲ ಬಿಟ್ಟುಹೋದ ಗುರುತನ್ನು ಹುಡುಕುವುದು ಅದರ ಕೆಲಸ. ಇಂಥ ಯಂತ್ರ ಯಾವ ಕ್ಯಾಟಲಾಗಿನಲ್ಲೂ ಸಿಗುವುದಿಲ್ಲ.

ಅಂಗಡಿಯಲ್ಲಿ ಸಿಗುವ ರೇಡಿಯೊ ಆವೃತ್ತಿಯ (ಆರ್‌ಎಫ್) ಸಲಕರಣೆ ಹತ್ತು ಜನಕ್ಕೆ ಬೇಕಾದದ್ದನ್ನು ಕೊಡುತ್ತದೆ: ಹೆಚ್ಚು ಗೇನ್, ಕಡಿಮೆ ನಾಯ್ಸ್, ಒಳ್ಳೆಯ ಬೆಲೆ. ಹೇಳಿ ಮಾಡಿಸುವವರ ಬೇಡಿಕೆಯ ದಾರಿಯೇ ಬೇರೆ. ದೋಷವಿಲ್ಲದ ಯಂತ್ರ ಸಿಗುವುದಿಲ್ಲವೆಂಬುದು ಅವರಿಗೆ ಗೊತ್ತು. ಯಂತ್ರದ ದೋಷ ತಾವು ಹುಡುಕುವ ವಸ್ತುವಿನ ವೇಷ ಹಾಕಿಕೊಂಡು ಬರಬಾರದು ಎಂಬುದಷ್ಟೇ ಅವರ ಹಟ. ಸರಸ್‌ನ ಕತೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಹೈಡ್ರೋಜನ್ ಸೂಸುವ ರೇಡಿಯೊ ತರಂಗದ ಆವೃತ್ತಿ 1420 ಮೆಗಾಹರ್ಟ್ಸ್. ವಿಶ್ವ ಹಿಗ್ಗುತ್ತ ಬಂದಂತೆ ಆ ಕಾಲದ ತರಂಗವೂ ಹಿಗ್ಗಿ, ಇಂದು ನೂರು ಮೆಗಾಹರ್ಟ್ಸ್‌ಗಿಂತ ಕೆಳಗೆ, ನಮ್ಮ ಎಫ್‌ಎಂ ವಾಹಿನಿಗಳ ಆಸುಪಾಸಿನಲ್ಲಿ ಬಂದು ಸೇರುತ್ತದೆ. 2018ರಲ್ಲಿ ಅಮೆರಿಕದ ವಿಜ್ಞಾನಿಗಳ ಎಡ್ಜಸ್ ತಂಡ, ಪಶ್ಚಿಮ ಆಸ್ಟ್ರೇಲಿಯಾದಲ್ಲಿಟ್ಟ ಆಂಟೆನಾದ ಮೂಲಕ ಆಕಾಶದ ರೇಡಿಯೊ ಸ್ಪೆಕ್ಟ್ರಮ್‌ನಲ್ಲಿ 78 ಮೆಗಾಹರ್ಟ್ಸ್ ಸುತ್ತ ಅರ್ಧ ಕೆಲ್ವಿನ್ ಆಳದ ಒಂದು ತಗ್ಗು ಕಂಡಿತೆಂದು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿತು. ಅದೇ ಆವೃತ್ತಿಯಲ್ಲಿ ನಮ್ಮ ಆಕಾಶಗಂಗೆಯ ಸದ್ದು ಸಾವಿರ ಕೆಲ್ವಿನ್ನೂ ಮೀರುತ್ತದೆ. ಅಷ್ಟು ಗದ್ದಲದ ನಡುವೆ ಕಂಡ ತಗ್ಗು ಆಕಾಶದ್ದೋ ಯಂತ್ರದ್ದೋ ಎಂದು ತೀರ್ಮಾನಿಸುವುದು ಹೇಗೆ?

ಒಂದು ಸಾಮಾನ್ಯ ಕೇಬಲ್ಲನ್ನೇ ನೋಡಿ. ಆಂಟೆನಾಕ್ಕೂ ಆಂಪ್ಲಿಫೈಯರಿಗೂ ಹೊಂದಾಣಿಕೆ ಸ್ವಲ್ಪ ತಪ್ಪಿದರೂ ಸಿಗ್ನಲ್‌ನ ಒಂದು ಪಾಲು ಕೇಬಲ್ಲಿನೊಳಗೆ ಹಿಂದೆ ಮುಂದೆ ಓಡಾಡುತ್ತದೆ. ಹತ್ತು ಮೀಟರ್ ಕೇಬಲ್ಲಿನಲ್ಲಿ ಹೋಗಿಬರಲು ಅದಕ್ಕೆ ಸುಮಾರು 100 ನ್ಯಾನೊಸೆಕೆಂಡ್ ಬೇಕು. ಇದರಿಂದ ಸ್ಪೆಕ್ಟ್ರಮ್‌ನಲ್ಲಿ ಪ್ರತಿ 10 ಮೆಗಾಹರ್ಟ್ಸ್‌ಗೊಮ್ಮೆ ಏರಿಳಿತ ಮೂಡುತ್ತದೆ. ಎಡ್ಜಸ್ ಹೇಳಿದ ತಗ್ಗಿನ ಅಗಲವೂ ಸುಮಾರು 19 ಮೆಗಾಹರ್ಟ್ಸ್ ಮಾತ್ರ. ಇಂಥ ಎರಡನ್ನು ಬೇರ್ಪಡಿಸಲು ಹೊರಟರೆ ತಲೆನೋವು ತಪ್ಪಿದ್ದಲ್ಲ. ಆದ್ದರಿಂದ ಸರಸ್‌ನ ರಿಸೀವರ್ ಆಂಟೆನಾದ ಬುಡದಲ್ಲೇ ಕೂತಿದೆ. ಅಲ್ಲಿಂದಾಚೆಗೆ ಸಿಗ್ನಲ್ ಆಪ್ಟಿಕಲ್ ಫೈಬರ್ ಹಿಡಿದು ಹೋಗುತ್ತದೆ.

ಆಂಟೆನಾದಲ್ಲೂ ಇದೇ ಲೆಕ್ಕಾಚಾರ. ತರಂಗದ ಉದ್ದಕ್ಕೆ ಸರಿಹೊಂದುವ ಆಂಟೆನಾ ಸಿಗ್ನಲ್ಲನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಅದರ ಅನುರಣನ ಸ್ಪೆಕ್ಟ್ರಮ್‌ನಲ್ಲಿ ಉಬ್ಬುತಗ್ಗು ಮಾಡುತ್ತದೆ. ಸರಸ್ ತಂಡ ಬೇಕೆಂದೇ ಗಿಡ್ಡ ಆಂಟೆನಾ ಆರಿಸಿಕೊಂಡಿತು. ಸಿಗ್ನಲ್ ಒಂದಷ್ಟು ಸೋರಿಹೋದರೂ ಚಿಂತೆಯಿಲ್ಲ, ವಕ್ರರೇಖೆ ನುಣುಪಾಗಿರಲಿ ಎಂಬುದು ಅವರ ಲೆಕ್ಕ. ಕೆರೆಗೆ ಇಳಿದದ್ದೂ ಇದೇ ಕಾರಣಕ್ಕೆ. ನೆಲದೊಳಗೆ ಒಂದು ಪದರ ತೇವ, ಇನ್ನೊಂದು ಪದರ ಬಂಡೆ. ಒಂದೊಂದೂ ತರಂಗವನ್ನು ಒಂದೊಂದು ರೀತಿ ಪ್ರತಿಫಲಿಸುತ್ತದೆ. ನೀರು ಆಳದವರೆಗೂ ಒಂದೇ ತೆರ.

ಆರ್‌ಎಫ್ ಕೆಲಸದ ಬೆಂಚಿನ ಮುಂದೆ ನಿಂತರೆ ಈ ಕಸುಬಿನ ಗುಣ ತಿಳಿಯುತ್ತದೆ. ಮಧ್ಯದಲ್ಲಿ ನೆಟ್‌ವರ್ಕ್ ಅನಲೈಸರ್. ಅಳೆಯುವ ಮೊದಲು ಅದರ ಕೇಬಲ್ ತುದಿಗೆ ಓಪನ್, ಶಾರ್ಟ್, 50 ಓಮ್ ಲೋಡ್ ಎಂಬ ಮೂರು ಪುಟ್ಟ ಸಾಧನಗಳನ್ನು ಸರದಿಯಂತೆ ಸಿಕ್ಕಿಸಿ, ಯಂತ್ರದ ತಪ್ಪನ್ನು ಯಂತ್ರಕ್ಕೇ ಕಲಿಸುತ್ತಾರೆ. ಕನೆಕ್ಟರುಗಳನ್ನು ಟಾರ್ಕ್ ಸ್ಪ್ಯಾನರಿನಿಂದಲೇ ಬಿಗಿಯುತ್ತಾರೆ, ಕೈಯಳತೆಗೆ ಬಿಟ್ಟರೆ ಪ್ರತಿ ಸಲವೂ ಅಂಕಿ ಬೇರೆ. ರಿಟರ್ನ್ ಲಾಸ್ 20 ಡಿಬಿ ಬಂದರೆ ಹೋದ ಶಕ್ತಿಯಲ್ಲಿ ಶೇ 1ರಷ್ಟು ಮರಳಿ ಬಂತೆಂದು ಅರ್ಥ. ಕ್ಯಾವಿಟಿ ಫಿಲ್ಟರಿನ ತಿರುಪುಗಳನ್ನು ಕಾಲು ಸುತ್ತು, ಅರೆಕಾಲು ಸುತ್ತು ತಿರುಗಿಸುತ್ತ, ಪರದೆಯ ಗೆರೆ ಹದಕ್ಕೆ ಬರುವವರೆಗೆ ಕೂರಬೇಕು. ಎಲ್ಲ ಸರಿಯಾಯಿತೆಂದು ಅಲ್ಯೂಮಿನಿಯಂ ಪೆಟ್ಟಿಗೆಯ ಮುಚ್ಚಳ ಹಾಕಿದರೆ ಗೆರೆ ಮತ್ತೆ ಬದಲಾಗಬಹುದು, ಪೆಟ್ಟಿಗೆಯ ಪೊಳ್ಳೂ ಅನುರಣಿಸುತ್ತದೆ. ಆಗ ಮುಚ್ಚಳದ ಒಳಮೈಗೆ ತರಂಗ ಹೀರುವ ಹಾಳೆ ಅಂಟಿಸಿ ಮತ್ತೆ ಅಳೆಯುತ್ತಾರೆ.

ಈ ಕೆಲಸ ರಾಮನ್ ಸಂಸ್ಥೆಗೆ ಹೊಸದಲ್ಲ. ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಸಂಸ್ಥೆಗೆ 1972ರಲ್ಲಿ ನಿರ್ದೇಶಕರಾಗಿ ಬಂದ ವಿ. ರಾಧಾಕೃಷ್ಣನ್ ರೇಡಿಯೊ ಖಗೋಳವಿಜ್ಞಾನವನ್ನು ಬೆಳೆಸಿದರು. ಭಾರತೀಯ ಖಭೌತ ಸಂಸ್ಥೆಯ ಜೊತೆಗೂಡಿ ಗೌರಿಬಿದನೂರಿನ ಬಯಲಲ್ಲಿ 34.5 ಮೆಗಾಹರ್ಟ್ಸ್‌ನ 'ಟಿ' ಆಕಾರದ ದೂರದರ್ಶಕ ಎದ್ದಿತು: ಸಾವಿರ ಡೈಪೋಲ್‌ಗಳು, ಪೂರ್ವ–ಪಶ್ಚಿಮ ತೋಳೊಂದೇ 1.4 ಕಿ.ಮೀ. ಪುಣೆ ಬಳಿಯ ಜಿಎಂಆರ್‌ಟಿಯ ಎಲ್-ಬ್ಯಾಂಡ್ ಫೀಡ್‌ಗಳು, ಆಸ್ಟ್ರೇಲಿಯಾದ ಮರ್ಚಿಸನ್ ವೈಡ್‌ಫೀಲ್ಡ್ ಅರೇಯ ಡಿಜಿಟಲ್ ರಿಸೀವರುಗಳು ಇದೇ ಸಂಸ್ಥೆಯ ಪ್ರಯೋಗಾಲಯದ ಕೊಡುಗೆ.

ಎಲ್ಲರ ಬಳಿಯೂ ಇಂಥ ಪ್ರಯೋಗಾಲಯ ಇರುವುದಿಲ್ಲ. ಎಂಆರ್‌ಐ ಕಾಯಿಲ್ ಮೇಲೆ ಕೆಲಸ ಮಾಡುವವರು, ಕಾಡುಪ್ರಾಣಿಗೆ ರೇಡಿಯೊ ಕಾಲರ್ ತೊಡಿಸುವವರು ಹೊರಗಿನ ವಿನ್ಯಾಸಗಾರರ ಬಳಿ ಹೋಗಬೇಕಾಗುತ್ತದೆ. ಎರಡು ಮೂರು ನಗಕ್ಕಾಗಿ ದೊಡ್ಡ ಕಾರ್ಖಾನೆ ತನ್ನ ಕೆಲಸ ನಿಲ್ಲಿಸುವುದಿಲ್ಲ; ಇವನ್ನು ಒಪ್ಪಿಕೊಳ್ಳುವುದು ಸಣ್ಣ ತಂಡಗಳು. ಬೆಲೆಯಲ್ಲಿ ಬಿಡಿಭಾಗದ ಪಾಲು ಕಡಿಮೆ, ವಿನ್ಯಾಸ ಮತ್ತು ಅಳತೆಯ ಪಾಲು ಹೆಚ್ಚು. ಮೊದಲ ಬೋರ್ಡೇ ಕೊನೆಯ ಬೋರ್ಡ್ ಆಗುವುದು ಅಪರೂಪ, ಎರಡನೆಯದಕ್ಕೂ ಹಣ, ಸಮಯ ಎತ್ತಿಟ್ಟುಕೊಳ್ಳುವುದು ಜಾಣತನ. ಆವೃತ್ತಿ, ಬ್ಯಾಂಡ್‌ವಿಡ್ತ್, ನಾಯ್ಸ್ ಫಿಗರ್ ಎಲ್ಲರೂ ಬರೆದುಕೊಡುತ್ತಾರೆ. ಯಂತ್ರ ಎಂಥ ಬಿಸಿಲಲ್ಲಿ ಇರುತ್ತದೆ, ಪಕ್ಕದಲ್ಲಿ ಯಾವ ಟ್ರಾನ್ಸ್‌ಮಿಟರ್ ಇದೆ, ಯಾವ ತಪ್ಪನ್ನು ಲೆಕ್ಕದಲ್ಲಿ ಕಳೆಯಬಹುದು, ಯಾವುದನ್ನು ಕಳೆಯಲಾಗದು ಎಂಬುದನ್ನು ಬರೆಯುವವರು ಕಡಿಮೆ. ಒಪ್ಪಿಸುವ ದಿನ ಯಾವ ಅಳತೆ ಮಾಡಿ ಒಪ್ಪಿಕೊಳ್ಳುತ್ತೇವೆ ಎಂಬುದೂ ಆ ಹಾಳೆಯಲ್ಲೇ ಇದ್ದರೆ ಮುಂದಿನ ಜಗಳ ತಪ್ಪುತ್ತದೆ.

ಸರಸ್-3ರ ಫಲಿತಾಂಶ 2022ರ ಫೆಬ್ರುವರಿಯಲ್ಲಿ 'ನೇಚರ್ ಅಸ್ಟ್ರಾನಮಿ'ಯಲ್ಲಿ ಬಂತು. ಎಡ್ಜಸ್ ಹೇಳಿದ ತಗ್ಗು ತಮ್ಮ ಅಳತೆಯಲ್ಲಿ ಇಲ್ಲವೆಂದು ಶೇ 95.3ರ ವಿಶ್ವಾಸಮಟ್ಟದಲ್ಲಿ ತಂಡ ತಿಳಿಸಿತು. ಮುಂದಿನ ಯೋಜನೆಯ ಹೆಸರು ಪ್ರತುಷ್. ಭೂಮಿಯ ಎಫ್‌ಎಂ ಗದ್ದಲ ತಲುಪದ ಚಂದ್ರನ ಆಚೆ ಬದಿಯ ಮೇಲೆ ಸುತ್ತುತ್ತ ಇದೇ ಗುರುತನ್ನು ಹುಡುಕುವ ಪ್ರಸ್ತಾವ ಅದು. ಕೆರೆಯ ತೆಪ್ಪವನ್ನಾದರೆ ದಡಕ್ಕೆ ಎಳೆದು ತಿರುಪು ಸರಿಮಾಡಬಹುದಿತ್ತು. ಚಂದ್ರನ ಕಕ್ಷೆಗೆ ಸ್ಪ್ಯಾನರ್ ಹಿಡಿದು ಹೋಗುವಂತಿಲ್ಲವಾದ್ದರಿಂದ, ಆ ರಿಸೀವರಿನ ಪ್ರತಿಯೊಂದು ದೋಷವನ್ನೂ ಬೆಂಗಳೂರಿನ ಬೆಂಚಿನ ಮೇಲೆಯೇ ಅಳೆದು, ಬರೆದು ಕಳಿಸಬೇಕು.