ಕಂಪನಿ ಮುಚ್ಚಿತು, ಮೋಟಾರು ನಿಂತಿತು: ಡಬ್ಬಿಯೊಳಗಿನ ಸಾಫ್ಟ್‌ವೇರ್ ಯಾರದು?

ಕಳೆದ ಏಪ್ರಿಲ್‌ನಲ್ಲಿ ಒಂದು ರಾತ್ರಿ ತ್ರೀ ಫೇಸ್ ಬಂತೆಂದು ಮಲಗಿದಲ್ಲಿಂದಲೇ ಮೊಬೈಲ್ ತೆಗೆದು ಮೋಟಾರಿನ ಬಟನ್ ಒತ್ತಿದೆ. ಆ್ಯಪ್ ತಿರುಗುತ್ತಲೇ ಇತ್ತು, ಚಾಲೂ ಆಗಲಿಲ್ಲ. ಬೆಳಿಗ್ಗೆ ಕಂಪನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ವಿಚಾರಿಸಿದಾಗ ಗೊತ್ತಾಯಿತು, ಅಂಗಡಿನೇ ಮುಚ್ಚಿದ್ದಾರೆ, ಸರ್ವರ್ ಬಂದ್.

ಕಮಲಾಪುರದ ನಮ್ಮ ಹೊಲದಲ್ಲಿ ಆಗ ಕೆಂಪು ಬಾಳೆ ಗೊನೆ ಬಿಡುತ್ತಿತ್ತು. ಜಿಐ ಟ್ಯಾಗ್ ಇರೋ ಬೆಳೆ, ಆದರೆ ಬಲು ನಿಧಾನ. ಗೊನೆ ಕೈಗೆ ಬರಲು ಒಂದೂವರೆ ವರ್ಷದ ಹತ್ತಿರ ಕಾಯಬೇಕು. ಈ ಹೊತ್ತಿನಲ್ಲಿ ನೀರು ತಪ್ಪಿದರೆ ಕಾಯಿ ತುಂಬೋದಿಲ್ಲ. ನಮ್ಮ ಕಡೆ ಬಿಸಿಲು ಹೇಗಿರ್ತದೆ ಅಂತ ನಿಮಗೆ ಹೇಳೋದೇನಿದೆ! ನಾಲ್ಕು ರಾತ್ರಿ ಅಪ್ಪ ಟಾರ್ಚ್ ಹಿಡಿದು ಪಂಪ್‌ಹೌಸಿಗೆ ನಡೆದರು. ಆ ಹಾದಿಯಲ್ಲಿ ಹಾವು ಇವೆ. ಅದು ತಪ್ಪಲಿ ಅಂತಲೇ 6,500 ರೂಪಾಯಿ ಕೊಟ್ಟು ಆ ಮೊಬೈಲ್ ಸ್ಟಾರ್ಟರ್ ತಂದಿದ್ದೆ.

ಐದನೇ ದಿನ ಡಬ್ಬಿ ಬಿಚ್ಚಿಕೊಂಡು ಕಲಬುರಗಿಗೆ ಹೋದೆ. ಸೂಪರ್ ಮಾರ್ಕೆಟ್ ಹತ್ತಿರ ಪರಿಚಯದ ರಿಪೇರಿ ಕಾಕಾ ಒಬ್ಬರಿದ್ದಾರೆ. ಮುಚ್ಚಳ ತೆಗೆದು ನೋಡಿ, "ತಮ್ಮಾ, ಡಬ್ಬಿ ಕೆಟ್ಟಿಲ್ಲ. ಇದ್ರ ಮಾಲಕ ಓಡಿಹೋಗ್ಯಾನ" ಅಂದರು.

ಒಳಗಿದ್ದದ್ದು ಇಎಸ್‌ಪಿ32 ಅನ್ನೋ ಚಿಪ್. ಅದರಲ್ಲಿ ಓಡೋದು ಫ್ರೀಆರ್‌ಟಿಒಎಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್. ರಿಚರ್ಡ್ ಬ್ಯಾರಿ ಎಂಬುವರು 2003ರ ಸುಮಾರಿಗೆ ಶುರು ಮಾಡಿದ್ದು, 2017ರಿಂದ ಅಮೆಜಾನ್ ನೋಡಿಕೊಳ್ಳುತ್ತಿದೆ. ಓಪನ್ ಸೋರ್ಸ್, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. "ಹಂಗಾದ್ರ ನಾವೇ ರಿಪೇರಿ ಮಾಡಬಹುದಲ್ರಿ ಕಾಕಾ?" ಅಂದೆ.

"ಬುನಾದಿ ಎಲ್ಲರ್ದೂ ಅದ. ಮ್ಯಾಲಿನ ಮನಿಗೆ ಅವರು ಕೀಲಿ ಹಾಕ್ಯಾರ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನನಗೂ ಆಮೇಲೆ ಓದಿದಾಗಲೇ ತಿಳಿದದ್ದು. ಫ್ರೀಆರ್‌ಟಿಒಎಸ್‌ಗೆ ಈಗಿರೋದು ಎಂಐಟಿ ಲೈಸೆನ್ಸ್. ಕಂಪನಿ ಅದರ ಮೇಲೆ ತನ್ನದೇ ಪ್ರೋಗ್ರಾಮ್ ಬರೆದು ಮುಚ್ಚಿಟ್ಟರೂ ತಕರಾರಿಲ್ಲ. ಲಿನಕ್ಸ್‌ನದು ಜಿಪಿಎಲ್ ಲೈಸೆನ್ಸ್: ಲಿನಕ್ಸ್ ಹಾಕಿದ ಯಂತ್ರ ಮಾರಿದರೆ ಆ ಭಾಗದ ಸೋರ್ಸ್ ಕೋಡ್ ಕೇಳಿದವರಿಗೆ ಕೊಡಲೇಬೇಕು. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯೂಆರ್‌ಟಿ54ಜಿ ಅನ್ನೋ ವೈಫೈ ರೂಟರ್‌ನಲ್ಲಿ ಲಿನಕ್ಸ್ ಇದೆಯೆಂದು ಜನ ಪತ್ತೆ ಹಚ್ಚಿ ಒತ್ತಾಯಿಸಿದ್ದಕ್ಕೆ 2003ರಲ್ಲಿ ಕೋಡ್ ಹೊರಬಂತು. ಅದರಿಂದಲೇ ಓಪನ್‌ಡಬ್ಲ್ಯೂಆರ್‌ಟಿ ಹುಟ್ಟಿತು. ಕಂಪನಿಗಳು ಕೈಬಿಟ್ಟ ಎಷ್ಟೋ ಹಳೇ ರೂಟರ್‌ಗಳು ಇವತ್ತಿಗೂ ಅದರ ಮೇಲೆ ಓಡುತ್ತಿವೆ. ನಿಮ್ಮ ಆಂಡ್ರಾಯ್ಡ್ ಫೋನಿನ ತಳದಲ್ಲೂ ಲಿನಕ್ಸೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ತೆಗೆದು ಕರ್ನಲ್ ವರ್ಷನ್ ಹುಡುಕಿ.

ನಮ್ಮ ಡಬ್ಬಿಯ ಬೀಗ ಒಡೆಯಲಿಲ್ಲ. ಕಾಕಾ ಪವರ್ ಸಪ್ಲೈ, ರಿಲೇ ಹಾಗೇ ಇಟ್ಟುಕೊಂಡು 450 ರೂಪಾಯಿಯ ಹೊಸ ಇಎಸ್‌ಪಿ32 ಬೋರ್ಡ್ ಕೂರಿಸಿ, ಟಾಸ್ಮೋಟಾ ಎಂಬ ಓಪನ್ ಸೋರ್ಸ್ ಫರ್ಮ್‌ವೇರ್ ಹಾಕಿದರು. ಅದಕ್ಕೆ ಯಾವ ಕಂಪನಿಯ ಸರ್ವರೂ ಬೇಡ. ಬೋರ್ಡಿನ ವೈಫೈಗೆ ಫೋನ್ ಜೋಡಿಸಿದರೆ ಬ್ರೌಸರ್‌ನಲ್ಲೇ ಬಟನ್ ಬರ್ತದೆ. ಕರೆಂಟ್ ಬಂದ ಐದು ನಿಮಿಷಕ್ಕೆ ಚಾಲೂ, ಎರಡು ತಾಸಿಗೆ ಬಂದ್ ಅಂತ ನಿಯಮ ಬರೆದೆವು. ಅದಕ್ಕೂ ಮೊದಲು 'ಪವರ್‌ಆನ್‌ಸ್ಟೇಟ್' ಸೊನ್ನೆಗೆ ಇಡಿಸಿದೆ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ಕೂಡಲೇ ರಿಲೇ ಹಳೇ ಸ್ಥಿತಿಗೆ ಹೋಗಬಹುದು.

ಒಂದು ಎಚ್ಚರಿಕೆ. ಬೋರ್ಡಿನ ರಿಲೇ ಸ್ಟಾರ್ಟರಿನ ಕಾಯಿಲ್‌ಗೆ ಮಾತ್ರ, ಮೋಟಾರಿನ ಕರೆಂಟು ಅದರ ಮೂಲಕ ಹೋಗಕೂಡದು. ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ಪ್ರಿವೆಂಟರ್, ಡ್ರೈ ರನ್ ರಕ್ಷಣೆ ಯಾವುದನ್ನೂ ಕಿತ್ತು ಹಾಕಬೇಡಿ. ಮೂರೂ ಫೇಸ್ ಬಂದಾಗಷ್ಟೇ ಬೋರ್ಡಿಗೆ ಕರೆಂಟ್ ಸಿಗುವಂತೆ ಎಲೆಕ್ಟ್ರಿಶಿಯನ್ ಕೈಲೇ ವೈರಿಂಗ್ ಮಾಡಿಸಿದ್ದೇನೆ. ಈ ಕೆಲಸಕ್ಕೆ ಯೂಟ್ಯೂಬ್ ನೋಡಿ ಕೈ ಹಾಕಬಾರದು.

ಹೊಸದು ಕೊಳ್ಳುವವರು ಅಂಗಡಿಯಲ್ಲೇ ಮೊಬೈಲಿನ ಇಂಟರ್‌ನೆಟ್ ಬಂದ್ ಮಾಡಿ, "ಈಗ ಚಾಲೂ ಮಾಡಿ ತೋರಸ್ರಿ" ಅನ್ನಿ. ಮಿಸ್ಡ್ ಕಾಲ್ ಅಥವಾ ಎಸ್ಸೆಮ್ಮೆಸ್‌ನಿಂದ ನೇರ ನಡೆಯುವ ಹಳೇ ಮಾದರಿಗೆ ಸಿಮ್‌ನಲ್ಲಿ ಕರೆನ್ಸಿ ಇದ್ದರೆ ಸಾಕು, ಕಂಪನಿ ಮುಚ್ಚಿದರೂ ನಡೀತದೆ. ಕಂಪನಿ ನಿಂತರೆ ಬೇರೆ ಫರ್ಮ್‌ವೇರ್ ಹಾಕಲು ಬರ್ತದಾ ಅಂತಲೂ ಕೇಳಿ. ನಾನು ಕೇಳಿದ ಎರಡು ಅಂಗಡಿಯವರು ನಕ್ಕು ಬಿಟ್ಟರು. ಮೂರನೆಯವರು ನಂಬರ್ ಬರ್ಕೊಂಡು, ಕಂಪನಿಗೆ ಕೇಳಿ ಹೇಳ್ತೀನಿ ಅಂದರು.

ನಮ್ಮದರಲ್ಲಿ ಕೊರತೆ ಇಲ್ಲ ಅಂತಲ್ಲ. ಮನೆಯಿಂದ ಚಾಲೂ ಮಾಡೋದು ಇನ್ನೂ ಸಾಧ್ಯವಾಗಿಲ್ಲ. ನಡುವೆ ಕರೆಂಟ್ ಹೋಗಿ ಬಂದರೆ ಎರಡು ತಾಸಿನ ಲೆಕ್ಕ ಮೊದಲಿಂದ ಶುರುವಾಗಿ ನೀರು ಹೆಚ್ಚಾಗ್ತದೆ. ಕಪ್ಪು ಮಣ್ಣಿಗೆ ಅದು ಒಳ್ಳೇದಲ್ಲ, ಕಾಕಾನ ಬಳಿ ಮತ್ತೊಮ್ಮೆ ಹೋಗಬೇಕು. ಬಾಳೆಯಲ್ಲಿ ಮೊದಲು ಬಂದ ಕೆಲವು ಗೊನೆ ಸಣ್ಣವಾದವು, ಉಳಿದವು ತುಂಬಿದವು. ಅಪ್ಪ ಈಗ ರಾತ್ರಿ ಮಲಗುತ್ತಾರೆ.