ಬ್ರೋಷರಿನೊಳಗಿನ ಈಜುಕೊಳ

ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲೋ ಕನಕಪುರ ರಸ್ತೆಯಲ್ಲೋ ಹೋರ್ಡಿಂಗಿನ ಮೇಲೆ ಕಾಣುವ ಮನೆ ಬಹಳ ಸಲ ಇನ್ನೂ ಹುಟ್ಟಿಯೇ ಇರುವುದಿಲ್ಲ. ಹೋರ್ಡಿಂಗಿನ ಹಿಂದೆ ತಗಡಿನ ಬೇಲಿ, ಬೇಲಿಯಾಚೆ ಪಾಯದ ಗುಂಡಿ, ಅದರಲ್ಲೊಂದು ಜೆಸಿಬಿ. ಚಿತ್ರದಲ್ಲಾದರೋ ಬಾಲ್ಕನಿಯಲ್ಲಿ ಕೂತು ಕಾಫಿ ಕುಡಿಯುವ ಗಂಡ ಹೆಂಡತಿ, ಕೆಳಗೆ ನೀಲಿ ಈಜುಕೊಳ, ಸುತ್ತ ಕಾಡಿನಷ್ಟು ಹಸಿರು. ಕೆಲವರು ಇದನ್ನು ನೋಡಿ ಮನೆಯನ್ನೇ ನೋಡಿದೆವು ಎಂದುಕೊಳ್ಳುತ್ತಾರೆ. ಉಳಿದವರು ಇದೆಲ್ಲ ಕನ್ನಡಿಯೊಳಗಿನ ಗಂಟು, ಜಾಹೀರಾತೆಂದರೆ ಹೀಗೆಯೇ ಎಂದು ನಕ್ಕು ಮುಂದೆ ಹೋಗುತ್ತಾರೆ. ಇವರಿಬ್ಬರಲ್ಲಿ ಹೆಚ್ಚು ಕಳೆದುಕೊಳ್ಳುವವರು ನಕ್ಕವರು. ಆ ಚಿತ್ರಕ್ಕೆ ಕಾನೂನಿನಲ್ಲಿ ಬೆಲೆಯಿದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ.

ಮೊದಲು ಒಂದು ಗೊಂದಲ ತೀರಿಸಿಬಿಡೋಣ. ಮನೆ ಪೂರ್ತಿಯಾಗುವ ಮುನ್ನ ಚಿತ್ರ ತೋರಿಸಿ ಮಾರುವುದೇ ಮೋಸ ಎಂದು ನಂಬಿದವರಿದ್ದಾರೆ. ಹಾಗೇನಿಲ್ಲ. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ನಾವೆಲ್ಲ ರೇರಾ ಎನ್ನುವುದು, ಅದಕ್ಕೆ ಅವಕಾಶ ಕೊಟ್ಟಿದೆ. ಆದರೆ ಯೋಜನೆ ಮೊದಲು ರೇರಾ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ನೋಂದಣಿಗೆ ಮುಂಚೆ ಜಾಹೀರಾತು, ಬುಕಿಂಗ್, ಮಾರಾಟ ಯಾವುದೂ ಕೂಡದು. ಮೀರಿದರೆ ಯೋಜನೆಯ ಅಂದಾಜು ವೆಚ್ಚದ ಶೇ 10ರವರೆಗೆ ದಂಡ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಮತ್ತು ಪ್ರಾಧಿಕಾರದ ಜಾಲತಾಣದ ವಿಳಾಸ ಎದ್ದು ಕಾಣುವಂತೆ ಇರಬೇಕು. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು ಎಂಟನ್ನು ಮೀರದಿದ್ದರೆ ನೋಂದಣಿ ಬೇಕಿಲ್ಲ. 40-60ರ ಸೈಟಿನಲ್ಲಿ ಏಳುವ ನಾಲ್ಕಂತಸ್ತಿನ ಕಟ್ಟಡಗಳಲ್ಲಿ ಈ ಸಂಖ್ಯೆ ಕಾಣದಿರುವುದು ಅದಕ್ಕೇ. ಅಲ್ಲಿ ಮಂಜೂರಾದ ನಕ್ಷೆಯನ್ನೇ ಕೇಳಿ ಪಡೆಯಬೇಕು.

ಈ ನಿಯಮವನ್ನು ಸುತ್ತಿ ಹೋಗುವ ದಾರಿ ವಾಟ್ಸ್ಆ್ಯಪ್. "ಸಾರ್, ಇದು ಪ್ರೀ-ಲಾಂಚ್, ಜಾಹೀರಾತಲ್ಲ, ನಮ್ಮವರಿಗೆ ಮಾತ್ರ" ಎಂಬ ಮಾತಿನೊಂದಿಗೆ ಹತ್ತು ಚಿತ್ರ ಬಂದು ಬೀಳುತ್ತವೆ. ಆಸಕ್ತಿ ತೋರಿಸಿದರೆ ಇಒಐ, ಅಂದರೆ ಆಸಕ್ತಿ ಪತ್ರದ ಹೆಸರಿನಲ್ಲಿ ಒಂದು ಚೆಕ್ ಕೇಳುತ್ತಾರೆ. ಆದರೆ ಕಾಯ್ದೆಯ ಅರ್ಥದಲ್ಲಿ ಜಾಹೀರಾತೆಂದರೆ ಪತ್ರಿಕೆಯ ಪುಟವಷ್ಟೇ ಅಲ್ಲ. ಯಾವುದೇ ಮಾಧ್ಯಮದಲ್ಲಿ, ಯಾವುದೇ ರೂಪದಲ್ಲಿ ಕೊಳ್ಳಲು ಕರೆಯುವುದೆಲ್ಲ ಜಾಹೀರಾತೇ. ಫೋನಿಗೆ ಬಂದ ಚಿತ್ರವೂ ಅದರೊಳಗೆ ಬರುತ್ತದೆ. ಇನ್ನೊಂದು ಚಾಲಾಕಿತನವೂ ಇದೆ. ಚಿತ್ರದ ಮೂಲೆಯಲ್ಲಿ ರೇರಾ ಸಂಖ್ಯೆಯೇನೋ ಇರುತ್ತದೆ, ಆದರೆ ಅದು ಏಜೆಂಟರದು. ಮಧ್ಯವರ್ತಿಗಳೂ ನೋಂದಾಯಿಸಿಕೊಳ್ಳಬೇಕಾದ್ದರಿಂದ ಅವರಿಗೂ ಒಂದು ಸಂಖ್ಯೆ ಸಿಕ್ಕಿರುತ್ತದೆ. ಅದು ಆ ಮನುಷ್ಯನ ಪರಿಚಯ, ಆ ಕಟ್ಟಡದ್ದಲ್ಲ. ಸಂಖ್ಯೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿ ನೋಡಿದರೆ ಯಾರದೆಂದು ಗೊತ್ತಾಗುತ್ತದೆ.

ಇನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ "ಇದು ಕಲಾವಿದರ ಕಲ್ಪನೆ ಮಾತ್ರ" ಎಂದು ಬರೆದುಬಿಟ್ಟರೆ ಬಿಲ್ಡರ್ ಬಚಾವ್ ಎನ್ನುವುದು. ಬಿಲ್ಡರುಗಳೂ ಇದನ್ನು ನಂಬಿದಂತಿದೆ. ಕಾಯ್ದೆಯ 12ನೇ ಸೆಕ್ಷನ್ ಬೇರೆಯದೇ ಹೇಳುತ್ತದೆ. ಜಾಹೀರಾತು, ಪ್ರಾಸ್ಪೆಕ್ಟಸ್ ಅಥವಾ ಮಾದರಿ ಫ್ಲ್ಯಾಟ್ ನೋಡಿ ಮುಂಗಡ ಕೊಟ್ಟವರಿಗೆ, ಅದರಲ್ಲಿದ್ದ ಸುಳ್ಳು ಅಥವಾ ತಪ್ಪು ಮಾಹಿತಿಯಿಂದ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. ಯೋಜನೆಯಿಂದಲೇ ಹೊರಬರುತ್ತೇನೆ ಎಂದರೆ ಕಟ್ಟಿದ ಪೂರ್ತಿ ಹಣವನ್ನು ಬಡ್ಡಿ ಸಹಿತ ಹಿಂದಿರುಗಿಸಬೇಕು. ಕರ್ನಾಟಕದ ನಿಯಮದಂತೆ ಆ ಬಡ್ಡಿ ಎಸ್‌ಬಿಐನ ಎಂಸಿಎಲ್‌ಆರ್ ದರಕ್ಕೆ (ಬ್ಯಾಂಕಿನ ಸಾಲದ ಮೂಲ ದರ) ಇನ್ನೂ ಶೇ 2 ಸೇರಿಸಿದಷ್ಟು.

2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಪ್ರಕರಣವೊಂದು ನಮ್ಮ ಬೇಗೂರಿನದೇ. ರೇರಾಗಿಂತ ಹಳೆಯ ಖರೀದಿ, ಗ್ರಾಹಕ ಕಾನೂನಿನಡಿ ಹೂಡಿದ ದಾವೆ. ಮನೆ ತಡವಾಗಿ ಸಿಕ್ಕಿತು, ಹೇಳಿದ ಸೌಲಭ್ಯಗಳು ಬರಲಿಲ್ಲ ಎಂದು ನೂರಾರು ಖರೀದಿದಾರರು ಹೋಗಿದ್ದರು. ತಡಕ್ಕೆ ಕೋರ್ಟ್ ವರ್ಷಕ್ಕೆ ಶೇ 6ರಂತೆ ಪರಿಹಾರ ಕೊಡಿಸಿತು. ಸೌಲಭ್ಯಗಳ ವಿಷಯದಲ್ಲಿ ಅದು ಆಡಿದ ಮಾತಿನ ಸಾರ ಇಷ್ಟು: ಕನಸು ತೋರಿಸಿ ಮಾರಿದ ಮೇಲೆ, ಕಟ್ಟುವುದು ಲಾಭದಾಯಕವಲ್ಲ, ಅಕ್ಕಪಕ್ಕದಲ್ಲಿ ಬೇರೆ ಸೌಲಭ್ಯಗಳಿವೆಯಲ್ಲ ಎಂದು ಕೈತೊಳೆದುಕೊಳ್ಳುವಂತಿಲ್ಲ, ಹೇಳಿದ್ದಕ್ಕೆ ಬಿಲ್ಡರ್ ಹೊಣೆ.

ಹಾಗೆಂದು ಚಿತ್ರದಲ್ಲಿದ್ದ ಸೋಫಾ, ದೀಪದ ಗೊಂಚಲು, ಕಾಫಿ ಲೋಟ ಎಲ್ಲ ಬರಬೇಕೆಂದು ದೂರು ಕೊಟ್ಟರೆ ಯಾರೂ ಕೇಳುವುದಿಲ್ಲ. ಕ್ಲಬ್‌ಹೌಸ್, ಈಜುಕೊಳ, ಪಾರ್ಕು, ಎರಡು ಲಿಫ್ಟು, ಇವು ಮಾತು ಕೊಟ್ಟಂತೆ. ಅದರಲ್ಲೂ ಮಂಜೂರಾದ ನಕ್ಷೆಯಲ್ಲಿ ಇದ್ದುದನ್ನು ತೆಗೆಯಬೇಕಾದರೆ ಮನೆ ಕೊಂಡವರಲ್ಲಿ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆ ಬೇಕು. ಆದ್ದರಿಂದ ಬ್ರೋಷರಿನ ಪಕ್ಕದಲ್ಲಿ ನಕ್ಷೆಯನ್ನು ಇಟ್ಟುಕೊಂಡು ನೋಡಬೇಕು. ಚಿತ್ರದಲ್ಲಿ ಕೊಳವಿದ್ದು ನಕ್ಷೆಯಲ್ಲಿ ಬರೀ ಖಾಲಿ ಜಾಗವಿದ್ದರೆ ಅಲ್ಲೇ ಕೇಳಬೇಕು, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಬೇಕು.

"ಚಿತ್ರದಲ್ಲಿ ರೂಮು ದೊಡ್ಡದಾಗೇ ಇದೆಯಲ್ಲ" ಎನ್ನುವವರು ಮಾತ್ರ ನಿಜಕ್ಕೂ ಮೋಸಹೋಗುತ್ತಾರೆ, ಅದೂ ಯಾರೊಬ್ಬರೂ ಸುಳ್ಳು ಹೇಳದೆ. ಕೋಣೆಗಳ ಫೋಟೊವನ್ನು ಸಾಮಾನ್ಯವಾಗಿ 16ರಿಂದ 24 ಮಿಲಿಮೀಟರಿನ ಅಗಲ ನೋಟದ ಲೆನ್ಸಿನಲ್ಲಿ ತೆಗೆಯುತ್ತಾರೆ. ಹತ್ತಿರದ್ದು ಹಿಗ್ಗುತ್ತದೆ, ಎದುರಿನ ಗೋಡೆ ಹಿಂದಕ್ಕೆ ಸರಿಯುತ್ತದೆ. ಕಂಪ್ಯೂಟರಿನಲ್ಲಿ ಮಾಡಿದ ಚಿತ್ರಕ್ಕೆ ಆ ಮಿತಿಯೂ ಇಲ್ಲ. ಒಂದು ಗೋಡೆಯನ್ನೇ ಅಳಿಸಿ, ಕ್ಯಾಮೆರಾವನ್ನು ಕೋಣೆಯ ಹೊರಗೆ ಗಾಳಿಯಲ್ಲಿ ನಿಲ್ಲಿಸಿ ಒಳಗನ್ನು ತೋರಿಸಬಹುದು. ಆ ನೋಟ ಮನೆಯಲ್ಲಿ ಬದುಕುವ ಯಾರ ಕಣ್ಣಿಗೂ ಎಂದೂ ಸಿಗುವುದಿಲ್ಲ. ಮಾದರಿ ಫ್ಲ್ಯಾಟಿನಲ್ಲಿ ಬಾಗಿಲು ಕಿತ್ತಿರುತ್ತಾರೆ, ಒಂದು ಗೋಡೆಗೆ ಪೂರ್ತಿ ಕನ್ನಡಿ ಹೊಡೆದಿರುತ್ತಾರೆ, ಮಂಚ ಗಿಡ್ಡದು. ಬೀರು ಇಡುವುದೇ ಇಲ್ಲ.

ಇದಕ್ಕೆ ಮದ್ದು ಅಳತೆ ಟೇಪು. ಕೋಣೆ 10 ಅಡಿಗೆ 11 ಅಡಿ ಎನ್ನಿ. ಡಬಲ್ ಕಾಟ್ ಆರು ಅಡಿ ಅಗಲ, ಆರೂವರೆ ಅಡಿ ಉದ್ದ. 11 ಅಡಿಯ ಗೋಡೆಗೆ ತಲೆ ಮಾಡಿ ಮಂಚ ಹಾಕಿದರೆ ಕಾಲ ಕಡೆ ಉಳಿಯುವುದು ಮೂರೂವರೆ ಅಡಿ. ಎದುರು ಗೋಡೆಗೆ ಎರಡಡಿ ಆಳದ ವಾರ್ಡ್‌ರೋಬ್ ಬಂದರೆ ಮಿಕ್ಕಿದ್ದು ಒಂದೂವರೆ ಅಡಿ. ಅದರ ಬಾಗಿಲು ಪೂರ್ತಿ ತೆರೆಯುವುದು ಕಷ್ಟ, ಸ್ಲೈಡಿಂಗೇ ಗತಿ. ಈ ಲೆಕ್ಕವನ್ನು ಯಾವ ಚಿತ್ರವೂ ಮಾಡಿ ಕೊಡುವುದಿಲ್ಲ. ವಿಸ್ತೀರ್ಣ ಕೇಳುವಾಗಲೂ ಕಾರ್ಪೆಟ್ ಏರಿಯಾವನ್ನೇ ಕೇಳಬೇಕು. ಹೊರಗೋಡೆ, ಬಾಲ್ಕನಿ, ಸರ್ವೀಸ್ ಶಾಫ್ಟ್ ಅದರಲ್ಲಿ ಸೇರುವುದಿಲ್ಲ, ಒಳಗಿನ ಅಡ್ಡಗೋಡೆ ಸೇರುತ್ತದೆ.

ಬಾಲ್ಕನಿಯಿಂದ ಕಾಣುವ ಕೆರೆಯ ಚಿತ್ರ ಸುಳ್ಳಾಗಿರಬೇಕಿಲ್ಲ. ಕಟ್ಟಡ ಏಳುವ ಮುಂಚೆಯೇ ಅಷ್ಟೇ ಎತ್ತರಕ್ಕೆ ಡ್ರೋನ್ ಹಾರಿಸಿ ತೆಗೆದ ನಿಜವಾದ ನೋಟ ಅದಾಗಿರಬಹುದು. ಆದರೆ ಅದು ಇವತ್ತಿನ ನೋಟ. ನಡುವಿನ ಖಾಲಿ ಜಾಗ ಯಾರದು, ಬಿಡಿಎಯ ಪರಿಷ್ಕೃತ ಮಾಸ್ಟರ್ ಪ್ಲಾನ್ 2015ರಲ್ಲಿ ಅದು ಯಾವ ಬಳಕೆಯ ಬಣ್ಣದಲ್ಲಿದೆ ಎಂದು ನೋಡಿದರೆ ಉಳಿದದ್ದು ತಿಳಿಯುತ್ತದೆ. ಬೇರೆಯವರ ಜಾಗದಲ್ಲಿ ಕಟ್ಟಡ ಬಂದರೆ ಬಿಲ್ಡರನ್ನು ದೂರಿ ಪ್ರಯೋಜನವಿಲ್ಲ. ಆದರೆ ಅಲ್ಲಿ ಬರುವುದು ಅವನದೇ ಎರಡನೇ ಹಂತದ ಟವರ್ ಆಗಿದ್ದರೆ ಚಿತ್ರ ತೆಗೆಸಿದ ದಿನವೇ ಅವನಿಗೆ ಎಲ್ಲವೂ ಗೊತ್ತಿತ್ತು. ನನ್ನ ಪ್ರಕಾರ ಇದು ಗೋಡೆ ಅಳಿಸಿದ ಚಿತ್ರಕ್ಕಿಂತ ದೊಡ್ಡ ವಂಚನೆ.

ಕೊನೆಯ ನಂಬಿಕೆ, ಫೋಟೊ ಎಂದರೆ ಬಿಲ್ಡರಿನ ಅಸ್ತ್ರ ಮಾತ್ರ ಎಂಬುದು. ನಿಯಮದ ಪ್ರಕಾರ ಅವನು ಪ್ರತಿ ಮೂರು ತಿಂಗಳಿಗೊಮ್ಮೆ ಕೆಲಸ ಎಲ್ಲಿಗೆ ಬಂತೆಂದು ರೇರಾ ಜಾಲತಾಣದಲ್ಲಿ ಹಾಕಬೇಕು, ಕಟ್ಟಡದ ಮತ್ತು ಅಂತಸ್ತುಗಳ ಫೋಟೊ ಸಮೇತ. ಸಿಮೆಂಟಿನ ಧೂಳು, ಕಬ್ಬಿಣದ ಸರಳು ಕಾಣುವ ಆ ಫೋಟೊಗಳನ್ನು ನೋಡುವವರು ಕಡಿಮೆ. ಡಲ್ಲಾಸಿನಲ್ಲೋ ದುಬೈನಲ್ಲೋ ಕೂತು ವಿಡಿಯೊ ಕಾಲಿನಲ್ಲೇ ಮನೆ ಕೊಳ್ಳುವ ಕನ್ನಡಿಗರಿಗೆ ಇದಕ್ಕಿಂತ ಉಪಯೋಗದ ಚಿತ್ರ ಬೇರಿಲ್ಲ. ಅದು ಹಳೆಯದಾಗಿದ್ದರೆ, ಬೇರೆ ಟವರಿನದಾಗಿದ್ದರೆ, ಊರಲ್ಲಿರುವ ತಮ್ಮನನ್ನೋ ಭಾವನನ್ನೋ ಒಂದು ಭಾನುವಾರ ಸೈಟಿಗೆ ಕಳಿಸಿದರಾಯಿತು.

ಹಣ ಕೊಡುವಾಗ ನೆನಪಿರಲಿ: ಮಾರಾಟ ಕರಾರು ನೋಂದಣಿಯಾಗುವ ಮುಂಚೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಆ ಹತ್ತು ಕೊಡುವ ಮೊದಲೇ ಬ್ರೋಷರಿನ ಪಿಡಿಎಫ್, ಹೋರ್ಡಿಂಗಿನ ಫೋಟೊ, ವಾಟ್ಸ್ಆ್ಯಪಿಗೆ ಬಂದ ಚಿತ್ರಗಳನ್ನು ದಿನಾಂಕ ಮತ್ತು ಕಳಿಸಿದವರ ನಂಬರ್ ಕಾಣುವಂತೆ ಉಳಿಸಿಕೊಳ್ಳಿ. ಕಟ್ಟಡ ಮುಗಿಯುವ ಹೊತ್ತಿಗೆ ಹಳೆಯ ಬ್ರೋಷರ್ ಕಂಪನಿಯ ಜಾಲತಾಣದಲ್ಲಿ ಸಿಗದೇ ಹೋಗಬಹುದು. 12ನೇ ಸೆಕ್ಷನ್ನಿನಡಿ ದೂರು ಕೊಡಲು ಹೋದವರ ಕೈಯಲ್ಲಿ ಅದು ಇರಲೇಬೇಕು.