ಬರಿದಾದ ಅಂತರಿಕ್ಷದಲ್ಲಿ ಬೆಳಕಿನ ನಡೆ

ಗಾಜಿನ ಪಾತ್ರೆಯೊಳಗೆ ವಿದ್ಯುತ್ ಗಂಟೆಯೊಂದನ್ನು ತೂಗಹಾಕಿ, ಪಂಪಿನಿಂದ ಒಳಗಿನ ಗಾಳಿಯನ್ನು ಮೆಲ್ಲಮೆಲ್ಲನೆ ಸೆಳೆದುಹಾಕುವ ಪ್ರಯೋಗವನ್ನು ಶ್ರೋತೃಗಳಲ್ಲಿ ಹಲವರು ಶಾಲೆಯಲ್ಲಿ ನೋಡಿರಬಹುದು. ಗಾಳಿಯು ವಿರಳವಾದಂತೆಲ್ಲ ನಾದವು ಕ್ಷೀಣಿಸಿ, ಕೊನೆಗೆ ಕೇಳಿಸದಂತಾಗುತ್ತದೆ. ಗಂಟೆ ಬಡಿಯುತ್ತಿರುವುದು ಮಾತ್ರ ಮೊದಲಿನಷ್ಟೇ ಸ್ಪಷ್ಟವಾಗಿ ಕಾಣುತ್ತಿರುತ್ತದೆ. ಶಬ್ದಕ್ಕೆ ಮುಚ್ಚಿದ ದಾರಿ ಬೆಳಕಿಗೆ ತೆರೆದೇ ಇದೆ. ನಮ್ಮ ತಾರ್ಕಿಕರು ಶಬ್ದವನ್ನು ಆಕಾಶದ ಗುಣವೆಂದರು. ಈ ಪಾತ್ರೆಯಾದರೋ ಬೇರೊಂದು ಸಾಕ್ಷಿ ನುಡಿಯುವಂತಿದೆ. ಆ ವಾದವನ್ನು ಇಲ್ಲಿ ಬೆಳೆಸುವುದು ಬೇಡ.

ಸೂರ್ಯನಿಗೂ ನಮಗೂ ನಡುವೆ ಸುಮಾರು 15 ಕೋಟಿ ಕಿಲೋಮೀಟರುಗಳ ಬಯಲು. ಬೆಳಕು ಅದನ್ನು 8 ನಿಮಿಷ 20 ಸೆಕೆಂಡುಗಳಷ್ಟರಲ್ಲಿ ದಾಟುತ್ತದೆ. ಅದು ಅಲೆಯ ರೂಪದಲ್ಲಿ ಸಾಗುತ್ತದೆಂದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಯಂಗ್, ಫ್ರೆನೆಲ್ ಮೊದಲಾದವರು ತೋರಿಸಿಕೊಟ್ಟರು. ಅಲೆಯೆಂದ ಮೇಲೆ ಅಲುಗುವ ಪದಾರ್ಥವೊಂದು ಇರಬೇಡವೆ? ಕೆರೆಯ ತೆರೆಗೆ ನೀರು, ಧ್ವನಿಗೆ ಗಾಳಿ, ಬೆಳಕಿಗೆ ಏನು? ಪ್ರತಿ ವರ್ಷವೂ ತರಗತಿಯಲ್ಲಿ ಯಾರಾದರೊಬ್ಬ ವಿದ್ಯಾರ್ಥಿಯು ಇದನ್ನು ಕೇಳಿಯೇ ಕೇಳುತ್ತಾನೆ. ಅಧ್ಯಾಪಕವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಕರಿಹಲಗೆಯ ಮೇಲೆ ಸಮೀಕರಣಗಳನ್ನು ಬರೆದು ಅವನ ಬಾಯಿ ಮುಚ್ಚಿಸುತ್ತಿದ್ದೆನು. ಅದು ಉತ್ತರವಾಗಿರಲಿಲ್ಲವೆಂದು ಈಗ ಒಪ್ಪಿಕೊಳ್ಳುತ್ತೇನೆ.

ಅಂದಿನ ಪಂಡಿತರು ಈಥರ್ ಎಂಬ ದ್ರವ್ಯವನ್ನು ಕಲ್ಪಿಸಿ, ಅದು ವಿಶ್ವವನ್ನೆಲ್ಲ ತುಂಬಿಕೊಂಡಿದೆಯೆಂದರು. ಆದರೆ ಅದರ ಲಕ್ಷಣಗಳೆಷ್ಟು ವಿಚಿತ್ರ! ಬೆಳಕಿನ ಅಲೆಯು ತಾನು ಸಾಗುವ ದಿಕ್ಕಿಗೆ ಅಡ್ಡಲಾಗಿ ಕಂಪಿಸುತ್ತದೆ. ಇಂತಹ ಅಲೆಯು ಪದಾರ್ಥದ ಒಡಲೊಳಗೆ ಸಾಗಬೇಕಾದರೆ ಅದು ಘನವಸ್ತುವಿನಂತೆ ಬಿಗಿಯಾಗಿರಬೇಕು. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ವೇಗ ಬರಬೇಕಾದರಂತೂ ಆ ಬಿಗಿ ಅಪಾರವಾಗಿರಬೇಕು. ಹೀಗಿದ್ದೂ ಗ್ರಹಗಳು ಲವಲೇಶವೂ ತಡೆಯಿಲ್ಲದೆ ಅದರೊಳಗೆ ತಿರುಗಬೇಕು! ಉಕ್ಕಿಗಿಂತ ಗಟ್ಟಿ, ಆವಿಗಿಂತ ಮೃದು. ಇಂತಹ ವಸ್ತುವನ್ನು ಮಹಾಮೇಧಾವಿಗಳು ನಂಬಿದರೆಂದು ನಗುವುದು ಸುಲಭ. ಅಲೆಯನ್ನು ಬೇರೆ ಬಗೆಯಲ್ಲಿ ಊಹಿಸಿಕೊಳ್ಳುವುದು ಅಷ್ಟು ಸುಲಭವಲ್ಲ.

ಭೂಮಿಯು ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರಿನಂತೆ ಓಡುತ್ತಿದೆ. ಈಥರ್ ಇದ್ದುದಾದರೆ, ಓಡುವವನ ಮುಖಕ್ಕೆ ಗಾಳಿ ಬಡಿಯುವಂತೆ ಅದೂ ನಮಗೆ ಎದುರಾಗಬೇಕು. ಬೆಳಕಿನ ವೇಗವು ದಿಕ್ಕಿನಿಂದ ದಿಕ್ಕಿಗೆ ಭೇದಿಸಬೇಕು. ಇದನ್ನು ಪರೀಕ್ಷಿಸಲು 1887ರಲ್ಲಿ ಅಮೆರಿಕೆಯ ಕ್ಲೀವ್‌ಲೆಂಡ್ ನಗರದಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಎಂಬವರು ಭಾರವಾದ ಕಲ್ಲುಚಪ್ಪಡಿಯೊಂದನ್ನು ಪಾದರಸದ ಮೇಲೆ ತೇಲಿಬಿಟ್ಟು, ಅದರ ಮೇಲೆ ಕನ್ನಡಿಗಳನ್ನು ನಿಲ್ಲಿಸಿದರು. ಒಂದೇ ಕಿರಣವನ್ನು ಎರಡಾಗಿ ಸೀಳಿ, ಪರಸ್ಪರ ಲಂಬವಾದ ಎರಡು ದಾರಿಗಳಲ್ಲಿ ಕಳುಹಿಸಿ, ಮತ್ತೆ ಕೂಡಿಸಿದರು. ಚಪ್ಪಡಿಯನ್ನು ತಿರುಗಿಸಿದಂತೆ ಬೆಳಕು–ಕತ್ತಲೆಗಳ ಪಟ್ಟೆಗಳು ಸರಿಯಬೇಕಾಗಿತ್ತು. ಕಂಡುಬಂದ ಸರಿತವು ನಿರೀಕ್ಷಿಸಿದ್ದರ ಇಪ್ಪತ್ತರಲ್ಲಿ ಒಂದು ಪಾಲಿನಷ್ಟೂ ಇರಲಿಲ್ಲ. ಮೈಕೆಲ್ಸನ್ನನಿಗೆ ಇದು ಹರ್ಷದ ವಿಷಯವಾಗಲಿಲ್ಲ. ಅವನು ಹುಡುಕಿದ್ದು ಈಥರನ್ನು, ಅದರ ಅಭಾವವನ್ನಲ್ಲ. 1905ರಲ್ಲಿ ಐನ್‌ಸ್ಟೈನನು ಈಥರಿನ ಆವಶ್ಯಕತೆಯೇ ಇಲ್ಲವೆಂದು ಸಾರಿದನು.

ಹಾಗಾದರೆ ಅಲೆಯುವುದು ಯಾವುದು? ಉತ್ತರದ ಬೀಜವು ಮ್ಯಾಕ್ಸ್‌ವೆಲ್ಲನ 1865ರ ಲೇಖನದಲ್ಲಿಯೇ ಇದ್ದಿತು, ಅವನೂ ಈಥರನ್ನು ನಂಬಿದವನೇ ಆದರೂ. ಅಯಸ್ಕಾಂತದ ಬಳಿ ಸೂಜಿಯನ್ನು ಹಿಡಿದರೆ, ನಡುವೆ ಏನೂ ಇಲ್ಲದಿದ್ದರೂ ಸೆಳೆತವಿರುತ್ತದೆ. ಆ ಸೆಳೆತದ ಪ್ರದೇಶವೇ ಕಾಂತಕ್ಷೇತ್ರ. ಅದರಂತೆಯೇ ವಿದ್ಯುತ್‌ಕ್ಷೇತ್ರವೂ ಉಂಟು. ಕಾಂತಕ್ಷೇತ್ರವು ಬದಲಾದಲ್ಲಿ ವಿದ್ಯುತ್‌ಕ್ಷೇತ್ರವು ಹುಟ್ಟುತ್ತದೆ. ವಿದ್ಯುತ್‌ಕ್ಷೇತ್ರವು ಬದಲಾದಲ್ಲಿ ಕಾಂತಕ್ಷೇತ್ರವು ಹುಟ್ಟುತ್ತದೆ. ಒಂದನ್ನೊಂದು ಹೆರುತ್ತ ಇವೆರಡೂ ಮುಂದೆ ಸಾಗುತ್ತವೆ. ಈ ಸಾಗುವಿಕೆಯ ವೇಗವನ್ನು ವಿದ್ಯುತ್ತಿನ ಅಳತೆಗಳಿಂದ ಲೆಕ್ಕಹಾಕಿದಾಗ ಮ್ಯಾಕ್ಸ್‌ವೆಲ್ಲನಿಗೆ ದೊರೆತುದು ಹೆಚ್ಚುಕಡಮೆ ಬೆಳಕಿನ ವೇಗವೇ! ದಾರಿಯಲ್ಲಿ ಯಾವ ಕಣವೂ ಅಲುಗಬೇಕಾಗಿಲ್ಲ. ಏರಿಳಿಯುವುದು ಕ್ಷೇತ್ರದ ಬಲವೊಂದೇ.

ಕಣ್ಣಿಗೆ ಕಾಣದ ಬಲವನ್ನು ನಂಬುವುದೆಂತು ಎಂದು ಶಿಷ್ಯನು ಮತ್ತೆ ಕೇಳಿದರೆ, ನಾನು ರೇಡಿಯೋ ಪೆಟ್ಟಿಗೆಯನ್ನು ತೋರಿಸುತ್ತೇನೆ. ರೇಡಿಯೋ ಅಲೆಯೂ ಬೆಳಕಿನ ಒಡಹುಟ್ಟೇ, ಕೇವಲ ಉದ್ದದಲ್ಲಿ ಹಿರಿಯದು. ಈ ಭಾಷಣವನ್ನು ಹೊತ್ತ ಅಲೆಯು ಬಂದು ತಾಗಿದೊಡನೆ, ತಮ್ಮ ಮನೆಯ ಏರಿಯಲ್ ತಂತಿಯೊಳಗಿನ ಎಲೆಕ್ಟ್ರಾನುಗಳು ಸೆಕೆಂಡಿಗೆ ಲಕ್ಷಾಂತರ ಸಲ ಹಿಂದುಮುಂದಾಗಿ ತೂಗಾಡುತ್ತವೆ.